ಸಲಾಯಿ ಅಂಟಿನ ಎಣ್ಣೆಯಲ್ಲಿ ಬೋಸ್ವೆಲಿಕ್ ಆಮ್ಲ ಇರುತ್ತಾ?

ಮಾಟುಂಗಾ ಮಾರ್ಕೆಟ್‌ನಲ್ಲಿ ಕೊಂಡ ಸಲಾಯಿ ಎಣ್ಣೆಯಲ್ಲಿ (ಸಲಾಯಿ ಅಂದರೆ ಬೋಸ್ವೆಲಿಯಾ ಸೆರಾಟಾ ಮರ, ಅದರ ಅಂಟಿನಿಂದ ತೆಗೆದ ಎಣ್ಣೆ), ಮಂಡಿನೋವಿಗೆ ಒಳ್ಳೆಯದು ಅನ್ನುವ ಬೋಸ್ವೆಲಿಕ್ ಆಮ್ಲ ಇದೆಯಾ ಅಂತ ಕೇಳಿದ್ದೀರಿ. ಹಬೆಯಲ್ಲಿ ಇಳಿಸಿದ ಎಣ್ಣೆಯಾದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ, ಲೇಬಲ್ ಏನೇ ಹೇಳಲಿ. ಆ ಆಮ್ಲದ ಅಣುವಿನಲ್ಲಿ 30 ಕಾರ್ಬನ್ ಇವೆ. ಅಷ್ಟು ಭಾರದ್ದು ಹಬೆಯ ಜೊತೆ ಮೇಲೇಳುವುದಿಲ್ಲ, ಅಂಟಿನಲ್ಲೇ ಉಳಿಯುತ್ತದೆ. ಎದ್ದು ಬರುವುದು ಹೆಚ್ಚಾಗಿ 10 ಕಾರ್ಬನ್‌ಗಳ ಹಗುರ ಮೊನೊಟರ್ಪೀನ್‌ಗಳು, ಅಂದರೆ ಬೇಗ ಆವಿಯಾಗುವ ವಾಸನೆಯ ವಸ್ತುಗಳು. ನಮ್ಮ ಸಲಾಯಿಯಲ್ಲಿ ಸಾಮಾನ್ಯವಾಗಿ ಆಲ್ಫಾ-ಥುಜೀನ್ ಜಾಸ್ತಿ, ಜೊತೆಗೆ ಆಲ್ಫಾ-ಪೈನೀನ್. ಮುಚ್ಚಳ ತೆಗೆದಾಗ ಟರ್ಪೆಂಟೈನ್ ಥರ ಮೂಗಿಗೆ ಬಡಿಯುತ್ತಲ್ವಾ, ಅದು ಇವುಗಳದ್ದೇ.

ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ. ಮರುದಿನವೂ ದೊಡ್ಡ ಜಿಡ್ಡಿನ ಕಲೆ ಇದ್ದರೆ ಅಡುಗೆ ಎಣ್ಣೆ ಬೆರೆಸಿರಬಹುದು. ಮುಚ್ಚಳ ಸಡಿಲ ಬಿಡಬೇಡಿ. ಗಾಳಿ ತಾಗಿ ಹಳತಾದ ಟರ್ಪೀನ್ ಚರ್ಮಕ್ಕೆ ತುರಿಕೆ ತರಬಹುದು.