ಪ್ರತಿಕ್ರಿಯೆ: ಉಬುಂಟುವಿನಲ್ಲಿ ಭಾಷೆ ಬದಲಾಯಿಸುವ ಕೀಲಿಗಳು ಮತ್ತು ಆಲ್ಟ್-ಟ್ಯಾಬ್

ವಿಂಡೋಸ್‌ನಲ್ಲಿ ರೂಢಿಯಾಗಿದ್ದ ಆಲ್ಟ್-ಶಿಫ್ಟ್ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಭಾಷೆ ಬದಲಾಯಿಸುತ್ತಿಲ್ಲ, ಆಲ್ಟ್-ಟ್ಯಾಬ್ ಎರಡು ಕಡತಗಳ ನಡುವೆ ಹೋಗುತ್ತಿಲ್ಲ ಎಂದಿದ್ದೀರಿ. ಕಂಪ್ಯೂಟರಿನಲ್ಲಿ ದೋಷವಿಲ್ಲ, ಈ ಕೆಲಸಗಳಿಗೆ ಇಲ್ಲಿ ಕೀಲಿಗಳೇ ಬೇರೆ ಇರುವುದು ಕಾರಣವಿರಬೇಕು.

ಭಾಷೆಗೆ ಸೂಪರ್ ಕೀಲಿ (ವಿಂಡೋಸ್ ಚಿಹ್ನೆಯದು) ಮತ್ತು ಸ್ಪೇಸ್ ಒತ್ತಿ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಒಂದೇ ದಿನ ಬೇಕಾಗುವುದರಿಂದ ಇದನ್ನು ಗಮನಿಸಿ: ಒಮ್ಮೆ ಒತ್ತಿ ಬಿಟ್ಟರೆ ಸ್ವಲ್ಪ ಮೊದಲು ಬಳಸಿದ ಭಾಷೆಗಷ್ಟೇ ಮರಳುತ್ತದೆ; ಮೂರನೆಯದು ಬೇಕಿದ್ದರೆ ಸೂಪರ್ ಕೀಲಿಯಿಂದ ಬೆರಳೆತ್ತದೆ ಸ್ಪೇಸನ್ನು ಎರಡು ಬಾರಿ ಒತ್ತಬೇಕು. ಯಾವ ಭಾಷೆಯಲ್ಲಿದ್ದೀರಿ ಎಂಬುದು ಪರದೆಯ ಬಲ ಮೇಲ್ತುದಿಯಲ್ಲಿ ಕಾಣುತ್ತದೆ.

ಆಲ್ಟ್-ಟ್ಯಾಬ್ ಒಂದೇ ತಂತ್ರಾಂಶದ ಕಡತಗಳನ್ನು ಒಟ್ಟುಗೂಡಿಸಿ ತೋರಿಸುತ್ತಿದ್ದರೆ, ಆಲ್ಟ್ ಜೊತೆ ಟ್ಯಾಬ್‌ನ ಮೇಲಿರುವ ಕೀಲಿಯನ್ನು ಒತ್ತಿದಾಗ ರೈಟರ್‌ನ (ಬರಹ ಸಿದ್ಧಪಡಿಸುವ ತಂತ್ರಾಂಶ) ಒಂದು ಕಡತದಿಂದ ಇನ್ನೊಂದಕ್ಕೆ ಹೋಗಬಹುದು. ಹಳೆಯ ಅಭ್ಯಾಸವೇ ಬೇಕೆಂದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಶಾರ್ಟ್‌ಕಟ್‌ಗಳ ಪಟ್ಟಿ ತೆರೆದು, ನ್ಯಾವಿಗೇಶನ್ ಅಡಿಯಲ್ಲಿರುವ 'ಸ್ವಿಚ್ ವಿಂಡೋಸ್' (ತೆರೆದ ಕಿಟಕಿಗಳ ನಡುವೆ ಹೋಗುವುದು) ಸಾಲಿಗೆ ಆಲ್ಟ್-ಟ್ಯಾಬ್ ಕೊಡಿ. ಅದು ಬೇರೆ ಸಾಲಿನಲ್ಲಿ ಬಳಕೆಯಲ್ಲಿದೆ ಎಂಬ ಎಚ್ಚರಿಕೆ ಬಂದರೆ ಒಪ್ಪಿಕೊಳ್ಳಿ. ಆವೃತ್ತಿಗೆ ತಕ್ಕಂತೆ ಈ ಹೆಸರುಗಳು ತುಸು ಬದಲಾಗಿರಬಹುದು.

ಸೂಪರ್ ಕೀಲಿ ಒತ್ತಿ ತಂತ್ರಾಂಶದ ಹೆಸರನ್ನು ಟೈಪ್ ಮಾಡಿದರೂ ಏನೂ ಸಿಗದಿದ್ದರೆ ಕೀಲಿಮಣೆ ಕನ್ನಡದಲ್ಲೇ ಉಳಿದಿರಬಹುದು, 'ಫೈರ್‌ಫಾಕ್ಸ್' ಎಂದು ಒತ್ತಿದ್ದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರಬಹುದು. ಇಂಗ್ಲಿಷಿಗೆ ಬದಲಾಯಿಸಿಕೊಂಡು ಮತ್ತೆ ಹುಡುಕಿ.