ಮೋಟರ್ ಟ್ರಿಪ್ ಆದ್ರೆ ರಿಲೇಗೆ ಯಾಕೆ ಬೈತೀರಿ?

ವಿದ್ಯಾರ್ಥಿಗಳಿಂದ ಈ ಸಲನೂ ಅವೇ ಪ್ರಶ್ನೆಗಳು. ಸ್ಟಾರ್ ಡೆಲ್ಟಾ ಅಂದ್ರೇನು, ಕಾಂಟ್ಯಾಕ್ಟರ್ ಅಂದ್ರೇನು ಅಂತ ನಾನಿಲ್ಲಿ ಹೇಳ್ತಾ ಕೂರಲ್ಲ, ನಿಮ್ಮ ನೋಟ್ಸಲ್ಲೇ ಇದೆ, ತೆಗೆದು ನೋಡಿ.

ಪ್ರಶ್ನೆ: ಎಲೆಕ್ಟ್ರೋಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಎರಡನೇ ವರ್ಷ ಸರ್. ಪಿಎಲ್‌ಸಿ (ಮೆಷಿನ್ ನಡೆಸೋ ಪುಟ್ಟ ಕಂಪ್ಯೂಟರ್), ಡ್ರೈವ್ (ಮೋಟರ್ ವೇಗ ಹೊಂದಿಸೋ ಪೆಟ್ಟಿಗೆ) ಅಂದ್ರೆ ಇಷ್ಟ. ಬೇರಿಂಗು, ಗೇರು, ಅಲೈನ್‌ಮೆಂಟ್ ಎಲ್ಲ ಪಾಸಾಗೋಷ್ಟು ಓದಿದ್ರೆ ಸಾಕಲ್ವಾ?

ಸಾಲಲ್ಲ. ಇದನ್ನೇ ಉಲ್ಟಾ ಮಾಡಿ "ನಂಗೆ ಮೆಷಿನ್ ಇಷ್ಟ, ವೈರಿಂಗ್ ಅಂದ್ರೆ ಭಯ" ಅನ್ನೋರೂ ಇದಾರೆ, ಅವರಿಗೂ ಇದೇ ಉತ್ತರ. ಲ್ಯಾಬಲ್ಲಿ ಪ್ರತಿ ಬ್ಯಾಚಿಗೂ ನಾನೊಂದು ಕೆಟ್ಟ ಕನ್ವೇಯರ್ ಕೊಡ್ತೀನಿ, ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಓವರ್‌ಲೋಡ್ ರಿಲೇ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ಮೋಟರ್ ನಿಲ್ಲಿಸೋ ಕಾವಲುಗಾರ, ಟ್ರಿಪ್ ಆಗತ್ತೆ. ನಿಮ್ಮಂಥ ಪಿಎಲ್‌ಸಿ ಪ್ರಿಯರು ಮೊದಲು ಪ್ರೋಗ್ರಾಮ್ ನೋಡ್ತಾರೆ, ಆಮೇಲೆ ರಿಲೇ ಬದಲಾಯಿಸ್ತಾರೆ, ಮತ್ತೆ ಟ್ರಿಪ್, ಆಗ ಯಾರೋ ಒಬ್ಬ ಬುದ್ಧಿವಂತ ಸ್ಕ್ರೂಡ್ರೈವರ್ ಹಿಡ್ಕೊಂಡು ರಿಲೇಯ ಮಿತಿ ಡಯಲ್ ತಿರುಗಿಸ್ತಾನೆ, ನೇಮ್‌ಪ್ಲೇಟಲ್ಲಿ 7.5 ಆಂಪ್ ಇದ್ರೆ 10ಕ್ಕೆ. ಟ್ರಿಪ್ ನಿಲ್ಲತ್ತೆ ನಿಜ, ಸುಡೋ ಸರದಿ ಮೋಟರ್ ಒಳಗಿನ ತಂತಿ ಸುರುಳಿ, ಅಂದ್ರೆ ವೈಂಡಿಂಗ್‌ದು. ಬೊಗಳೋ ನಾಯಿ ಬಾಯಿ ಕಟ್ಟಿ ಕಳ್ಳನ್ನ ಒಳಗೆ ಬಿಟ್ಟ ಹಾಗೆ.

ಕ್ಲ್ಯಾಂಪ್ ಮೀಟರ್ (ತಂತಿ ಸುತ್ತ ಹಿಡಿದು ಕರೆಂಟ್ ಅಳೆಯೋದು) ತಗೊಂಡು ಮೂರೂ ಫೇಸಿನ ಕರೆಂಟ್ ನೋಡ್ರಪ್ಪಾ ಮೊದಲು. ಒಂದು ಸೊನ್ನೆ, ಉಳಿದೆರಡು ಜಾಸ್ತಿ ಅಂದ್ರೆ ಒಂದು ಫೇಸ್ ಹೋಗಿದೆ. ಮೂರೂ ನಾರ್ಮಲ್ ಇದ್ದೂ ಟ್ರಿಪ್ ಆಗ್ತಿದ್ರೆ ಆಗ ರಿಲೇ ಮೇಲೆ ಅನುಮಾನ ಪಡಿ, ಇಲ್ಲಾ ಟರ್ಮಿನಲ್ ಲೂಸ್ ಆಗಿ ಬಿಸಿಯಾಗ್ತಿರಬಹುದು. ಮೂರೂ ಸಮವಾಗಿ ಜಾಸ್ತಿ ಇದ್ರೆ? ಶಾಫ್ಟ್ ಮೇಲೆ ಭಾರ ಬಿದ್ರೆ ಸ್ಲಿಪ್ (ಒಳಗೆ ತಿರುಗೋ ಕಾಂತಕ್ಷೇತ್ರಕ್ಕಿಂತ ಶಾಫ್ಟ್ ಹಿಂದೆ ಬೀಳೋದು) ಹೆಚ್ಚತ್ತೆ, ಸ್ಲಿಪ್ ಹೆಚ್ಚಿದ್ರೆ ಕರೆಂಟ್ ಹೆಚ್ಚತ್ತೆ, ಅಂದ್ರೆ ನೀವು ಓದಲ್ಲ ಅಂತಿರೋ ಬೇರಿಂಗೇ ಆಂಪ್ ಲೆಕ್ಕದಲ್ಲಿ ಮೀಟರಲ್ಲಿ ಕಾಣಿಸ್ಕೊಳ್ತಿದೆ. ಸಪ್ಲೈ ಆಫ್ ಮಾಡಿ, ಲಾಕ್ ಹಾಕಿ, ಕೀ ನಿಮ್ಮ ಜೇಬಲ್ಲೇ ಇರ್ಲಿ, ಬೆಲ್ಟ್ ಬಿಚ್ಚಿ ಮೋಟರ್ ಶಾಫ್ಟನ್ನ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ್ರೆ ಮೋಟರ್ ಒಂದನ್ನೇ ಓಡಿಸಿ, ಕರೆಂಟ್ ಚೆನ್ನಾಗಿ ಇಳಿದ್ರೆ ತಪ್ಪು ಆಚೆ ಕಡೆ ಇದೆ. ನನ್ನ ಕನ್ವೇಯರಲ್ಲಿ ರೋಲರ್ ಬೇರಿಂಗ್ ಜಾಮ್ ಆಗಿರತ್ತೆ, ನಾನೇ ಮಾಡಿಟ್ಟಿರ್ತೀನಿ. ಅದನ್ನ ಪಿಎಲ್‌ಸಿ ಹುಡುಗರಿಗಿಂತ ಬೇಗ ಹಿಡಿಯೋರು ಶಾಫ್ಟ್ ಮುಟ್ಟಿ ನೋಡೋ ಅಭ್ಯಾಸ ಇರೋರು.

ಪ್ರಶ್ನೆ: 4 ಪೋಲ್ ಮೋಟರ್, 50 ಹರ್ಟ್ಜ್, ನಿಮಿಷಕ್ಕೆ 1500 ಸುತ್ತು ಬರ್ಬೇಕು, 1440 ಬರ್ತಿದೆ. ಕೆಟ್ಟಿದ್ಯಾ?

ಶೇಕಡಾ 4 ಸ್ಲಿಪ್, ಮೋಟರ್ ಚೆನ್ನಾಗಿದೆ. ಪೂರ್ತಿ 1500ಕ್ಕೆ ಹೋದ್ರೆ ಇಂಡಕ್ಷನ್ ಮೋಟರಲ್ಲಿ ಟಾರ್ಕೇ ಹುಟ್ಟಲ್ಲ.

ಪ್ರಶ್ನೆ: ಮೋಟರ್ ಜನರೇಟರ್ ತಿರುಗಿಸಿ, ಆ ಜನರೇಟರ್‌ನಿಂದಲೇ ಮೋಟರ್ ಓಡಿಸೋ ಫ್ರೀ ಎನರ್ಜಿ ಪ್ರಾಜೆಕ್ಟ್ ಮಾಡ್ಬಹುದಾ?

ಎರಡೂ ತಲಾ ಶೇಕಡಾ 90 ಎಫಿಷಿಯನ್ಸಿ ಅಂದ್ಕೊಳ್ಳಿ, ಒಂದು ಸುತ್ತಿಗೇ 81 ಉಳಿಯತ್ತೆ. ಇದನ್ನ ವಿಡಿಯೋದಲ್ಲಿ ಓಡಿಸಿ ತೋರಿಸೋನ ಟೇಬಲ್ ಕೆಳಗೆ ಬ್ಯಾಟರಿ ಹುಡುಕಿ.

ಪ್ರಶ್ನೆ: 15 ದಿನದ ಪಿಎಲ್‌ಸಿ ಕೋರ್ಸ್, ಕೆಲಸ ಗ್ಯಾರಂಟಿ ಅಂತಾರೆ, ಸೇರ್ಲಾ?

ಗ್ಯಾರಂಟಿ ಅಂದ ಕೂಡಲೇ ಎದ್ದು ಬನ್ನಿ.

ಪ್ರಶ್ನೆ: ಡ್ರೈವ್ ಆಫ್ ಮಾಡಿದ ತಕ್ಷಣ ಕವರ್ ಬಿಚ್ಚಬಹುದಾ?

ಖಂಡಿತ ಬೇಡ, ಒಳಗಿನ ಕೆಪಾಸಿಟರಲ್ಲಿ ಸಾಯಿಸೋಷ್ಟು ಚಾರ್ಜ್ ಇರತ್ತೆ. ಎಷ್ಟು ನಿಮಿಷ ಕಾಯ್ಬೇಕು ಅಂತ ಲೇಬಲ್ ಮೇಲಿರತ್ತೆ, ನಾನು ಅದರ ಎರಡರಷ್ಟು ಕಾದು, ಆಮೇಲೂ ಮೀಟರ್ ಇಟ್ಟು ಡಿಸಿ ವೋಲ್ಟೇಜ್ ನೋಡ್ತೀನಿ. ಹೆದರುಪುಕ್ಕ ಅಂತ ಹುಡುಗರು ನಗ್ತಾರೆ, ನಗ್ಲಿ.