ಜೇನಿನ ಲೇಬಲ್: ಲೋಗೊ ಹೋಲಿದ ಮಾತ್ರಕ್ಕೆ ಕಾಪಿರೈಟ್ ಉಲ್ಲಂಘನೆಯೇ?

ನಮಸ್ಕಾರ. ತಾವು ಹಾಕಿರುವ ಎರಡೂ ಲೇಬಲ್‌ಗಳ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ಆರು ಮೂಲೆಯ ಕೋಶ, ಅದರೊಳಗೆ ರೆಕ್ಕೆ ಬಿಚ್ಚಿದ ಜೇನ್ನೊಣ, ಹಳದಿ ಮತ್ತು ಕಪ್ಪು ಬಣ್ಣ, ಇವು ನಿಮ್ಮ ಬಾಟಲಿಯ ಮೇಲೂ ಇವೆ, ಪಕ್ಕದ ತಾಲ್ಲೂಕಿನ ಮಾರಾಟಗಾರರ ಬಾಟಲಿಯ ಮೇಲೂ ಇವೆ. ಇದು ಕಾಪಿರೈಟ್ ಉಲ್ಲಂಘನೆ, ಹದಿನೈದು ದಿನಗಳೊಳಗೆ ಸರಕನ್ನು ಅಂಗಡಿಗಳಿಂದ ಹಿಂತೆಗೆಯಬೇಕು ಎಂದು ಅವರು ನಿಮಗೆ ಬರೆದಿದ್ದಾರೆ. ಅದಕ್ಕೆ ನಮ್ಮ ಗುಂಪಿನ ಕೆಲವರು ಸುಮ್ಮನಿದ್ದುಬಿಡಿ ಎಂದರೆ, ಇನ್ನು ಕೆಲವರು ಚಿತ್ರದಲ್ಲಿ ಐದು ಕಡೆ ಬದಲಾವಣೆ ಮಾಡಿದರೆ ಸಾಕು ಎಂದಿದ್ದಾರೆ. ಈ ಎರಡೂ ಸಲಹೆಗಳನ್ನು ದಯವಿಟ್ಟು ಅನುಸರಿಸಬೇಡಿ. ನಮ್ಮ ರೈತ ಉತ್ಪಾದಕರ ಕಂಪನಿಯ ಲೇಬಲ್ ನೋಂದಣಿಗಾಗಿ ನಾನೇ ಓಡಾಡಿದ್ದರಿಂದ, ತಿಳಿದಷ್ಟನ್ನು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಎರಡು ಬೇರೆ ಬೇರೆ ಕಾಯ್ದೆಗಳ ಪ್ರಶ್ನೆ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ, ಅಂದರೆ ನಾವು ಕಾಪಿರೈಟ್ ಎನ್ನುವುದು, ಲೋಗೊವನ್ನು ಒಂದು ಕಲಾಕೃತಿಯಾಗಿ ನೋಡುತ್ತದೆ. ಆ ಹಕ್ಕು ಚಿತ್ರ ಬರೆದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಅದು ಕಾಯುವುದು ಬರೆದ ಚಿತ್ರವನ್ನೇ ಹೊರತು ಚಿತ್ರದ ಹಿಂದಿನ ಕಲ್ಪನೆಯನ್ನಲ್ಲ. ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು: ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ, ಎರಡನೆಯದು ಮೊದಲನೆಯದರ ನಕಲು ಎಂಬ ಭಾವನೆ ನೋಡುಗನಲ್ಲಿ ಖಚಿತವಾಗಿ ಮೂಡಿದರೆ ಮಾತ್ರ ಉಲ್ಲಂಘನೆ. ಜೇನಿಗೆ ಆರು ಮೂಲೆಯ ಕೋಶವನ್ನು ಯಾರು ಬೇಕಾದರೂ ಬರೆಯಬಹುದು, ಏಕೆಂದರೆ ಅದು ನೊಣದ ಕೆಲಸ, ಯಾವ ಮಾರಾಟಗಾರನ ಕೆಲಸವೂ ಅಲ್ಲ. ಆದರೆ ರೆಕ್ಕೆಯ ನರಗಳು, ಮೀಸೆಯ ಬಾಗು, ಗೆರೆಗಳ ಸಂಖ್ಯೆ ಒಂದೊಂದೂ ಅವರ ಚಿತ್ರದಂತೆಯೇ ಇದ್ದರೆ, ಅದು ಕಾಕತಾಳೀಯ ಎಂದು ನಂಬಿಸುವುದು ಕಷ್ಟವಾಗುತ್ತದೆ.

ಹಾಗಾಗಿ ನಿಮ್ಮ ಚಿತ್ರ ಎಲ್ಲಿಂದ ಬಂತು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅವರದನ್ನು ನೋಡದೆ ನಿಮ್ಮ ಕಲಾವಿದರು ಸ್ವತಂತ್ರವಾಗಿ ಬರೆದಿದ್ದರೆ, ಹೋಲಿಕೆ ಎಷ್ಟೇ ಇದ್ದರೂ ಕಾಪಿರೈಟ್ ಉಲ್ಲಂಘನೆಯಾಗುವುದಿಲ್ಲ. ಮೊದಲ ಕರಡುಗಳನ್ನೂ ದಿನಾಂಕವಿರುವ ಸಂದೇಶಗಳನ್ನೂ ತೆಗೆದಿಡಿ. ನಮ್ಮಲ್ಲಿ ಆದದ್ದು ಇದಕ್ಕೆ ವಿರುದ್ಧ. ಲೇಬಲ್ ಮಾಡಿಕೊಟ್ಟ ಮುದ್ರಣಾಲಯದವರು ಅದೇ ಚಿತ್ರವನ್ನು ಇನ್ನೊಬ್ಬರಿಗೂ ಕೊಟ್ಟಿದ್ದರು, ಹಣ ಕೊಟ್ಟಿದ್ದೇವೆ ಆದ್ದರಿಂದ ಹಕ್ಕು ನಮ್ಮದೇ ಎಂದು ನಾವು ನಂಬಿಕೊಂಡಿದ್ದೆವು. ಸಂಬಳದ ನೌಕರರಲ್ಲದ ವಿನ್ಯಾಸಕಾರರು ಬರೆದ ಲೋಗೊದ ಹಕ್ಕು ಸಾಮಾನ್ಯವಾಗಿ ಅವರದ್ದೇ ಆಗಿರುತ್ತದೆ. ಅದು ನಿಮಗೆ ಬರಬೇಕಾದರೆ ಸಹಿಯಿರುವ ಲಿಖಿತ ಪತ್ರ ಬೇಕು, ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಪರಿಗಣಿಸುತ್ತದೆ.

ಇನ್ನು ಎರಡನೆಯದು 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಅಂದರೆ ಮಾರುವ ಸರಕಿನ ಹೆಸರು, ಲೋಗೊಗಳಂಥ ಗುರುತನ್ನು ಕಾಯುವ ಕಾಯ್ದೆ. ನನ್ನ ದೃಷ್ಟಿಯಲ್ಲಿ ನಿಮಗೆ ನಿಜವಾದ ಅಪಾಯವಿರುವುದು ಇಲ್ಲಿಯೇ. ಈ ಕಾಯ್ದೆ ನೀವು ನಕಲು ಮಾಡಿದಿರೋ ಇಲ್ಲವೋ ಎಂದು ಕೇಳುವುದಿಲ್ಲ, ಕೊಳ್ಳುವವರು ಒಂದನ್ನು ಇನ್ನೊಂದೆಂದು ತಿಳಿದು ಮೋಸ ಹೋಗುವರೇ ಎಂದು ಕೇಳುತ್ತದೆ. ಇದಕ್ಕೆ ನಮ್ಮ ಮೈಸೂರಿನದೇ ಒಂದು ಪ್ರಕರಣವಿದೆ. ಪಾರ್ಲೆ ಕಂಪನಿಯ ಗ್ಲೂಕೊ ಬಿಸ್ಕತ್ತಿನ ಹೊದಿಕೆಯ ಮೇಲೆ ತೋಟದ ಮನೆ, ಒಬ್ಬ ಹುಡುಗಿ, ಹಸುಗಳು, ಕೋಳಿಗಳು ಇದ್ದವು; ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಗ್ಲೂಕೋಸ್ ಬಿಸ್ಕತ್ತಿನ ಹೊದಿಕೆಯ ಮೇಲೂ ಅಂಥದ್ದೇ ದೃಶ್ಯವಿತ್ತು. ಮೈಸೂರು ಹೈಕೋರ್ಟಿನಲ್ಲಿ ಪಾರ್ಲೆ ಸೋತಿತು, ಆದರೆ 1972ರಲ್ಲಿ ಸುಪ್ರೀಂ ಕೋರ್ಟ್ ಅದರ ಪರವಾಗಿ ತೀರ್ಪು ನೀಡಿತು. ಎರಡು ಹೊದಿಕೆಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸಗಳನ್ನು ಎಣಿಸಬಾರದು, ಮೊದಲು ಒಂದನ್ನು ಕೊಂಡು ಬಳಸಿದವನು ಮುಂದೆ ಇನ್ನೊಂದನ್ನು ಕೈಗೆ ಕೊಟ್ಟರೆ ಒಪ್ಪಿಕೊಳ್ಳುವಷ್ಟು ಒಟ್ಟಾರೆ ಹೋಲಿಕೆ ಇದೆಯೇ ಎಂಬುದನ್ನು ನೋಡಬೇಕು ಎಂಬುದು ಅದರ ಸಾರ. ಐದು ಕಡೆ ಬದಲಾಯಿಸಿ ಎಂಬ ಸಲಹೆ ಏಕೆ ನಿಲ್ಲುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಒಬ್ಬರು ನಂದಿನಿ ಪ್ರಕರಣವನ್ನು ನೆನಪಿಸಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲಿನವರ ಪರವಾಗಿ, ಹಾಲು ಮಹಾಮಂಡಲದ ಆಕ್ಷೇಪಣೆಗೆ ವಿರುದ್ಧವಾಗಿ ತೀರ್ಪು ನೀಡಿದ್ದು ನಿಜ. ಆದರೆ ಅಲ್ಲಿ ಚಿತ್ರಗಳು ಬೇರೆ, ವ್ಯಾಪಾರ ಬೇರೆ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೋಟೆಲಿನವರ ನೋಂದಣಿಯಿಂದ ಹೊರಗಿಡಲಾಗಿತ್ತು. ನೀವಿಬ್ಬರೂ ಮಾರುತ್ತಿರುವುದು ಜೇನನ್ನೇ, ಬಹುಶಃ ಅದೇ ಅಂಗಡಿಗಳ ಅದೇ ಕಪಾಟಿನಲ್ಲಿ. ಆ ತೀರ್ಪು ನಿಮಗೆ ಆಸರೆಯಾಗುವುದಿಲ್ಲ.

ಅವರಿಗೆ ವಿನಯದಿಂದ, ಲಿಖಿತವಾಗಿ ಉತ್ತರಿಸಿ: ನಿಮ್ಮದು ಯಾವ ಹಕ್ಕು, ನೋಂದಣಿ ಸಂಖ್ಯೆ ಏನು, ಎಂದಿನಿಂದ ಬಳಸುತ್ತಿದ್ದೀರಿ ಎಂದು ಕೇಳಿ. ತಪ್ಪೊಪ್ಪಿಗೆಯ ಒಂದು ಪದವನ್ನೂ ಈಗ ಬರೆಯಬೇಡಿ. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಜೇನು 30ನೇ ವರ್ಗದಲ್ಲಿ ಬರುತ್ತದೆ. ಟ್ರೇಡ್‌ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಅವರದು ನೋಂದಣಿಯಾಗಿಲ್ಲ ಎಂದು ಕಂಡರೂ ನಿಶ್ಚಿಂತರಾಗಬೇಡಿ, ಏಕೆಂದರೆ ಮಾರುಕಟ್ಟೆಯಲ್ಲಿ ಮೊದಲೇ ಹೆಸರು ಗಳಿಸಿದವರು ನೋಂದಣಿ ಇಲ್ಲದೆಯೂ ದಾವೆ ಹೂಡಬಹುದು. ನೀವೇ ಮೊದಲು ಮಾರಾಟ ಆರಂಭಿಸಿದ್ದರೆ ಹಳೆಯ ಬಿಲ್ಲುಗಳು, ಲೇಬಲ್ ಮುದ್ರಣದ ರಸೀದಿಗಳು, ಮೇಳಗಳಲ್ಲಿ ತೆಗೆದ ಫೋಟೊಗಳು ನಿಮ್ಮನ್ನು ಕಾಯುತ್ತವೆ.

ಅವರು ಮೊದಲಿಗರು ಎಂದು ತಿಳಿದುಬಂದರೆ ಹಠ ಹಿಡಿಯದೆ ಲೇಬಲ್ ಅನ್ನು ಪೂರ್ತಿಯಾಗಿ ಬದಲಿಸಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಜೇನು ಹೆಚ್ಚಾಗಿ ನೇರಳೆ ಹೂವಿನದು ಎಂದು ಹಿಂದೊಮ್ಮೆ ಬರೆದಿದ್ದಿರಿ. ಆ ಹೂಗೊಂಚಲನ್ನೇ ನಡುವೆ ಇಟ್ಟು, ಹೆಸರನ್ನು ದೊಡ್ಡದಾಗಿ ಬರೆಸಿ, ಹಳದಿ-ಕಪ್ಪನ್ನು ಕೈಬಿಟ್ಟರೆ ಹೊಸ ಲೇಬಲ್ ನಿಮ್ಮದೇ ಗುರುತಾಗುತ್ತದೆ. ಅದನ್ನು ಕೂಡಲೇ ನೋಂದಣಿಗೆ ಹಾಕಿ. ವೈಯಕ್ತಿಕ ಅರ್ಜಿದಾರರಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಅರ್ಜಿ ಆ ಇಲಾಖೆಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳ ಕಾಲಾವಕಾಶವಿರುತ್ತದೆ, ನೋಂದಣಿಯಾದರೆ ಹತ್ತು ವರ್ಷ ಚಾಲ್ತಿಯಲ್ಲಿದ್ದು ಮತ್ತೆ ನವೀಕರಿಸಬಹುದು.

ಉತ್ತರ ಕಳಿಸುವ ಮೊದಲು ಈ ವಿಷಯ ಬಲ್ಲ ವಕೀಲರೊಬ್ಬರಿಗೆ ತೋರಿಸಿ. ಹೋಗುವಾಗ ಫೋನಿನ ಚಿತ್ರಗಳನ್ನಷ್ಟೇ ಅಲ್ಲ, ಎರಡೂ ತುಂಬಿದ ಬಾಟಲಿಗಳನ್ನೇ ಒಯ್ಯಿರಿ. ಗಾತ್ರ, ಮುಚ್ಚಳದ ಬಣ್ಣ, ಲೇಬಲ್ ಸುತ್ತಿರುವ ರೀತಿ ಕೈಯಲ್ಲಿ ಹಿಡಿದಾಗಲೇ ಸರಿಯಾಗಿ ತಿಳಿಯುತ್ತವೆ.